ಹಬೆ ನಗರಸಭೆಯದು, ರೋಲರ್ ಕಂಪನಿಯದು

ಫೆಬ್ರವರಿ 6

ಪುಟ್ಟಿಗೆ,

ಫೋನಿನಲ್ಲಿ ನಾನು ಬೈಯಲು ಶುರು ಮಾಡಿದ ಕೂಡಲೇ ನಿನಗೆ ಮೀಟಿಂಗ್ ಬಂದುಬಿಡುತ್ತದೆ. ಅದಕ್ಕೇ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ, ಕೂತು ಪೂರ್ತಿ ಓದು.

ಒಗೆಯುವ ಕಟ್ಟೆಯ ಕಲ್ಲುಗಳನ್ನೆಲ್ಲ ಕಿತ್ತರು. ಮೆಷಿನ್ನಿನಲ್ಲಿ ಒಗೆಯುವ ಹೊಸ ಶೆಡ್ಡಿನ ಹಿಂದೆ, ಬಾಯ್ಲರಿನ ಬೂದಿ ಸುರಿಯುವ ಜಾಗದಲ್ಲಿ ಒಂದರ ಮೇಲೊಂದು ಎಸೆದಿದ್ದಾರೆ. ನಿಮ್ಮಮ್ಮನಿಂದ ನನ್ನ ಕೈಗೆ ಬಂದ ಕಲ್ಲು ಅಂಗಾತ ಬಿದ್ದಿದೆ. ಆ ಕಲ್ಲಿನ ದುಡಿಮೆಯಲ್ಲೇ ನೀನು ಓದಿ ರಾಜಧಾನಿಯ ಆಫೀಸು ಸೇರಿದ್ದು ಅಂತ ನೆನಪಿಸುತ್ತಿಲ್ಲ. ಸುಮ್ಮನೆ ಹೇಳಿದೆ.

ಉದ್ಘಾಟನೆಯ ದಿನ ನೀನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆಯಲ್ಲ, ಆಗ ಕಂಪನಿಯ ಸಾಹೇಬರು ಹೇಳಿದ್ದು ನೆನಪಿದೆಯಾ? ಇದು ಮೂರು ಕಾಲಿನ ಸ್ಟೂಲು, ಒಂದು ಕಾಲು ನಗರಸಭೆ, ಇನ್ನೊಂದು ಕಂಪನಿ, ಮೂರನೆಯದು ಒಗೆಯುವ ಹೆಂಗಸರು, ಅದಕ್ಕೇ ಇದು ಸುಸ್ಥಿರ ಉದ್ಯಮ, ಅಲುಗಾಡುವುದಿಲ್ಲ ಅಂದರು. ಇಷ್ಟು ವರ್ಷ ನನ್ನ ಪಕ್ಕದ ಕಲ್ಲಿನಲ್ಲಿ ಒಗೆದವಳು ನನ್ನ ಕಿವಿಯಲ್ಲಿ, "ಅಕ್ಕಾ, ಮೂವರೂ ಕಾಲಾದ್ರೆ ಮೇಲೆ ಕೂರೋರು ಯಾರು?" ಅಂದಳು. ನನಗೆ ನಗು ತಡೆಯಲಿಲ್ಲ. ಅಷ್ಟರಲ್ಲಿ ಫೋಟೋದವನು ಬಂದು, ಎರಡೂ ಕೈಗೆ ಬಿಳಿ ಚಾದರ ಹಿಡಿಸಿ, ಆ ನಗುವನ್ನೇ ಫೋಟೋ ತೆಗೆದ.

ಈಗ ನಗು ಬರುವುದಿಲ್ಲ. ಆಸ್ಪತ್ರೆಯ ಚಾದರ, ಹೋಟೆಲಿನ ಮೇಜುಬಟ್ಟೆ ಎಲ್ಲ ಶೆಡ್ಡಿಗೆ ಬರುತ್ತವೆ. ನಮ್ಮ ಹೆಸರು ಯಾರಿಗೂ ಬೇಡ, ಕುತ್ತಿಗೆಯಲ್ಲಿ ನಂಬರಿನ ಕಾರ್ಡು. ಬಾಗಿಲಲ್ಲಿ ಅದನ್ನು ಒತ್ತಿದರೆ ಡಬ್ಬಿಯೊಂದು ಪೀಂ ಅನ್ನುತ್ತದೆ, ಪಾಲುದಾರಳು ಬಂದಳು ಅಂತ. ಅದು ಹಾಳಾಗಿ ಹೋಗಲಿ. ನನ್ನ ಸಿಟ್ಟು ಬೇರೆಯದಕ್ಕೆ. ಇಸ್ತ್ರಿಯ ಬಿಸಿ ರೋಲರಿನ ಮುಂದೆ, ಕೈ ಒಳಗೆ ಹೋಗದಂತೆ ಒಂದು ಕಬ್ಬಿಣದ ಸರಳಿತ್ತು. ಚಾದರ ಅದಕ್ಕೆ ಸಿಕ್ಕಿಕೊಂಡು ಕೆಲಸ ನಿಧಾನವಾಗುತ್ತದೆ ಅಂತ ಕಂಪನಿಯ ಮೇಲ್ವಿಚಾರಕ ಅದನ್ನು ಬಿಚ್ಚಿಸಿ ಮೂಲೆಗೆ ಒರಗಿಸಿದ್ದಾನೆ. ನಾನು ಜಗಳಕ್ಕೆ ನಿಂತೆ. "ನೀವೂ ಪಾಲುದಾರರಲ್ವಾ, ಕೆಲಸ ಬೇಗ ಆದ್ರೆ ಲಾಭ ನಿಮಗೇ" ಅಂತ ಹಲ್ಲು ಕಿರಿದ.

ಮನೆಮನೆಗೆ ಬಂದು ಇದಕ್ಕೆ ನಮ್ಮನ್ನು ಒಪ್ಪಿಸಿದವಳು ನೀನು. ನಮ್ಮ ಹುಡುಗಿ ಹೇಳುತ್ತಿದ್ದಾಳೆ ಅಂತ ಎಲ್ಲರೂ ಹೂಂ ಅಂದರು. ಆದ್ದರಿಂದ ಆ ಸರಳನ್ನು ವಾಪಸ್ ಹಾಕಿಸುವುದು ನಿನ್ನ ಕೆಲಸ.

ನಿನ್ನ ಅತ್ತಿಗೆ


ಫೆಬ್ರವರಿ 21

ಪ್ರೀತಿಯ ಅತ್ತಿಗೆಗೆ,

ಕಾಗದ ಪೂರ್ತಿ ಓದಿದೆ. ಎರಡು ಸಲ ಓದಿದೆ. ಬೈಗುಳದಲ್ಲೂ ನಿಮ್ಮ ಅಕ್ಷರ ಎಷ್ಟು ನೆಟ್ಟಗಿದೆ!

ಕಲ್ಲುಗಳ ವಿಷಯ ನನಗೂ ಬೇಜಾರೇ. ಆದರೆ ಸೊಂಟ ಮುರಿದು ಒಗೆಯುವುದು ನಮ್ಮಮ್ಮನಿಗೇ ಮುಗಿಯಲಿ, ನಿಮಗೆ ಬೇಡ ಅಂತಲೇ ನಾನು ಈ ಯೋಜನೆಯ ಹಿಂದೆ ಬಿದ್ದದ್ದು. ನಮ್ಮ ಪಾಲುದಾರಿಕೆ ಕಚೇರಿಯಲ್ಲಿ ಎಷ್ಟೋ ಊರಿನ ಕಡತಗಳಿವೆ. ಅದರಲ್ಲಿ ಮಾದರಿ ಅಂತ ಆರಿಸಿರುವುದು ನಿಮ್ಮ ಒಗೆಯುವ ಕಟ್ಟೆಯನ್ನು. ನೀವು ಚಾದರ ಹಿಡಿದು ನಗುತ್ತಿರುವ ಫೋಟೋವನ್ನು ಬಾಗಿಲ ಎದುರಿನ ಗೋಡೆಗೆ ಆಳೆತ್ತರಕ್ಕೆ ಹಾಕಿದ್ದಾರೆ. ದಿನಾ ಬೆಳಿಗ್ಗೆ ನಿಮ್ಮ ಮುಖ ನೋಡಿಕೊಂಡೇ ಒಳಗೆ ಹೋಗುತ್ತೇನೆ. ಯಾವ ನಾದಿನಿಗೆ ಈ ಭಾಗ್ಯ ಇದೆ ಹೇಳಿ.

ಸರಳಿನ ವಿಷಯವನ್ನು ಸಂಬಂಧಪಟ್ಟವರಿಗೆ ಕಳಿಸಿದ್ದೇನೆ. ಅವರು ನೋಡುತ್ತಾರೆ.

ಒಂದು ಸಹಾಯ ಮಾಡಿ. ಜೂನಿನಲ್ಲಿ ಹಣ ಹಾಕಿದವರೆಲ್ಲ ಸೇರುವ ದೊಡ್ಡ ಸಭೆ ಇದೆ. ಅಂಕಿಅಂಶ ಕೇಳಿ ಅವರಿಗೂ ಸಾಕಾಗಿದೆ, ಜೀವ ಇರುವ ಕಥೆ ಬೇಕಂತೆ. ಶೆಡ್ಡಿನಲ್ಲಿ ಏನಾದರೂ ಒಳ್ಳೆಯದು ನಡೆದರೆ ಬರೆಯಿರಿ. ಬೈಗುಳವನ್ನೂ ಬರೆಯಿರಿ, ನಡುನಡುವೆ ಒಂದಿಷ್ಟು ಒಳ್ಳೆಯದೂ ಇರಲಿ.

ನಿಮ್ಮ ಪುಟ್ಟಿ


ಏಪ್ರಿಲ್ 14

ಪುಟ್ಟಿಗೆ,

ನಾನು ಹೇಳುತ್ತಿದ್ದೇನೆ, ನಿಮ್ಮಣ್ಣ ಬರೆಯುತ್ತಿದ್ದಾರೆ. ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ಕೈ ನೋಯುತ್ತದೆ ಅಂತ ಗೊಣಗುತ್ತಿದ್ದಾರೆ, ಗೊಣಗಲಿ. ನನ್ನ ಕೈ ಯಾವಾಗಲೂ ಒದ್ದೆ, ಕಾಗದ ಹಾಳಾಗುತ್ತದೆ. (ಇದನ್ನೆಲ್ಲ ಬರೆಯಬೇಡಿ ಅಂದರೂ ಬರೆಯುತ್ತಾರೆ.)

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕಾರಣ ಇದೆ. ಪಕ್ಕದ ಕಲ್ಲಿನವಳ ಬಲಗೈ ರೋಲರಿಗೆ ಹೋಯಿತು. ಚಾದರದ ಮಡಿಕೆ ಬಿಡಿಸಲು ಹೋದಳು, ಚಾದರದ ಜೊತೆ ಬೆರಳನ್ನೂ ಎಳೆದುಕೊಂಡಿತು. ಸರಳಿದ್ದಿದ್ದರೆ ಹೋಗುತ್ತಿರಲಿಲ್ಲ. ಮೊಣಕೈವರೆಗೆ ಸುಟ್ಟಿದೆ. ಬೆರಳು ಮಡಚಲು ಬರುವುದಿಲ್ಲ, ಇನ್ನು ಬರುವುದೂ ಇಲ್ಲ ಅಂದರು ಡಾಕ್ಟರು. ಅವಳನ್ನು ಮಲಗಿಸಿದ ಹಾಸಿಗೆಗೆ ಹಾಸಿದ್ದು ನಾವೇ ಇಸ್ತ್ರಿ ಮಾಡಿದ ಚಾದರ.

ಪರಿಹಾರ ಕೇಳಲು ಹೋದೆವು. ನಗರಸಭೆಯವರು, ಮೆಷಿನ್ ಕಂಪನಿಯದು, ಅಲ್ಲಿ ಕೇಳಿ ಅಂದರು. ಕಂಪನಿಯವರು, ರೋಲರ್ ನಮ್ಮದು ನಿಜ, ಆದರೆ ಅದಕ್ಕೆ ಹಬೆ ಬರುವುದು ನಗರಸಭೆಯ ಬಾಯ್ಲರಿನಿಂದ, ಸುಟ್ಟದ್ದು ಹಬೆಯ ಬಿಸಿ ಅಂದರು. ಕೈಯನ್ನು ಎಳೆದುಕೊಂಡದ್ದು ಯಾರು, ಸುಟ್ಟದ್ದು ಯಾರು ಅಂತ ಮೊದಲು ತೀರ್ಮಾನ ಆಗಬೇಕಂತೆ. ಕೊನೆಗೆ ಇಬ್ಬರೂ ಒಂದು ಮಾತಿಗೆ ಮಾತ್ರ ಒಪ್ಪಿದರು. ಪರಿಹಾರ ಕೊಡುವುದು ಕೂಲಿಯವರಿಗೆ, ಅವಳು ಪಾಲುದಾರಳು, ಲಾಭದ ಹಾಗೆ ನಷ್ಟವೂ ಅವಳದೇ. ಕೇಳುತ್ತಿದ್ದಂತೆ ನನ್ನ ಮೈಯೆಲ್ಲ ಉರಿದುಹೋಯಿತು.

ಇನ್ನೂ ಇದೆ ಕೇಳು. ತಿಂಗಳುಗಟ್ಟಲೆ ಕಾರ್ಡು ಒತ್ತದಿದ್ದರೆ ಪಾಲು ಕಂಪನಿಗೆ ಹೋಗುತ್ತದಂತೆ. ಕೈಯೂ ಇಲ್ಲ, ಪಾಲೂ ಇಲ್ಲ. ನಮ್ಮ ಕಟ್ಟೆಯಲ್ಲಿ ಹಿಂದಿನಿಂದ ಏನು ಪದ್ಧತಿ ನಿನಗೇ ಗೊತ್ತು. ಬಾಣಂತಿಯೋ ಕಾಯಿಲೆಯವಳೋ ಇದ್ದರೆ ಅವಳ ಕಲ್ಲನ್ನು ಖಾಲಿ ಬಿಡುವುದಿಲ್ಲ. ಸರದಿಯ ಮೇಲೆ ಯಾರಾದರೂ ಅಲ್ಲಿ ನಿಂತು ಅವಳ ಹೆಸರಿನಲ್ಲಿ ಒಗೆಯುತ್ತಾರೆ. ನೀನು ಹುಟ್ಟಿದಾಗ ನಿಮ್ಮಮ್ಮನ ಕಲ್ಲಿನಲ್ಲೂ ಹಾಗೇ ಒಗೆದರಂತೆ. ಈಗಲೂ ಅದೇ ಮಾಡುತ್ತಿದ್ದೇವೆ. ಐವರು ಸೇರಿ, ತಮ್ಮ ಕೆಲಸ ಮುಗಿಸಿ, ಅವಳ ಕಾರ್ಡು ಒತ್ತಿ, ಅವಳ ಪಾಲಿನದ್ದನ್ನೂ ಮಾಡುತ್ತಿದ್ದಾರೆ. ಸರಳು ಇನ್ನೂ ಮೂಲೆಯಲ್ಲೇ ಇದೆ. ನಿನ್ನ ಸಂಬಂಧಪಟ್ಟವರು ಯಾರು, ಅವರಿಗೆ ಯಾರ ಸಂಬಂಧವೂ ಇಲ್ಲವಾ?

ಸದ್ಯಕ್ಕೆ ನೀನು ಬರುವುದು ಬೇಡ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಕೂರಲು ಜಾಗವಿಲ್ಲ.

ಅತ್ತಿಗೆ


ಮೇ 3

ಪ್ರೀತಿಯ ಅತ್ತಿಗೆಗೆ,

ಅಣ್ಣನ ದುಂಡು ಅಕ್ಷರ ನೋಡಿ ನಕ್ಕೆ. ನೀವು ಕುರ್ಚಿಯಲ್ಲಿ ಕೂತು ಹೇಳುವುದು, ಅಣ್ಣ ಕೆಳಗೆ ಕೂತು ಬರೆಯುವುದು! ನಮ್ಮ ಕಾರ್ಯದರ್ಶಿಗಳಿಗೂ ಇಷ್ಟು ವಿಧೇಯ ಗುಮಾಸ್ತ ಇಲ್ಲ. ಪಾಲುದಾರಳಾದ ಮೇಲೆ ನಿಮ್ಮ ಗತ್ತೇ ಬೇರೆ.

ಪಕ್ಕದ ಕಲ್ಲಿನವಳ ಸುದ್ದಿ ಓದಿ ಸಂಕಟವಾಯಿತು. ಚಿಕ್ಕವಳಿದ್ದಾಗ ನನ್ನ ತಲೆಗೆ ಸಾಬೂನು ಹಚ್ಚಿ ಬಕೆಟ್ಟಿನಲ್ಲಿ ಅದ್ದಿದವಳು ಅವಳೇ ಅಲ್ಲವಾ. ಪರಿಹಾರದ ಬಗ್ಗೆ ವಿಚಾರಿಸಿದೆ. ಒಪ್ಪಂದದಲ್ಲಿ ಅದಕ್ಕೆ ಜಾಗವೇ ಇಲ್ಲ ಅತ್ತಿಗೆ. ಮುಂದಿನ ಹಂತದಲ್ಲಿ ಸೇರಿಸಬಹುದು ಅಂತಿದ್ದಾರೆ. ಸ್ವಲ್ಪ ತಾಳ್ಮೆ ಇರಲಿ ಅಂತ ಅವಳಿಗೆ ಹೇಳಿ. ಹೊಸದಾಗಿ ಶುರುವಾದ ಉದ್ಯಮ, ಈಗಲೇ ಗಲಾಟೆ ಅಂತ ಸುದ್ದಿಯಾದರೆ ಹಣ ಹಾಕಿದವರು ಹಿಂದೆ ಸರಿಯುತ್ತಾರೆ. ಆಗ ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತದೆ.

ಅವಳ ಹೆಸರಿನಲ್ಲಿ ಐವರು ದುಡಿಯುತ್ತಿರುವುದನ್ನು ಓದಿ ಮಾತ್ರ ಕಣ್ಣು ತುಂಬಿ ಬಂತು. ನಮ್ಮವರು ಅಂದರೆ ನಮ್ಮವರೇ.

ನನ್ನನ್ನು ಬರಬೇಡ ಅಂದಿರಿ. ಬಣ್ಣ ಹೊಡೆಸುವುದು ನೆಪ ಅಂತ ಗೊತ್ತು. ಕಲ್ಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅಲ್ಲವಾ? ಇಳಿದ ಮೇಲೆ ಹೇಳಿ, ಬರುತ್ತೇನೆ.

ಪುಟ್ಟಿ


ಜೂನ್ 17

ಅತ್ತಿಗೆ,

ಇವತ್ತು ಸಭೆ ಮುಗಿಯಿತು. ಖುಷಿಯಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಎಲ್ಲರೂ ಪರದೆಯ ಮೇಲೆ ಅಂಕಿ ತೋರಿಸಿ ತೂಕಡಿಸುವಂತೆ ಮಾಡಿದರು. ನನ್ನ ಸರದಿ ಬಂದಾಗ ನಾನು ಪರದೆ ಆರಿಸಿಬಿಟ್ಟೆ. ಒಂದು ಕಥೆ ಹೇಳುತ್ತೇನೆ ಅಂದೆ. ಒಬ್ಬ ಪಾಲುದಾರಳ ಕೈಗೆ ಪೆಟ್ಟಾಯಿತು, ಅವಳ ಪಾಲು ಹೋಗಬಾರದು ಅಂತ ಐವರು ಗೆಳತಿಯರು ಅವಳ ಕಾರ್ಡು ಒತ್ತಿ ಅವಳ ಕೆಲಸವನ್ನೂ ಮಾಡುತ್ತಿದ್ದಾರೆ, ಯಾವ ಒಪ್ಪಂದವೂ ಕಲಿಸದ ಪಾಲುದಾರಿಕೆ ಇದು, ನಮ್ಮ ಉದ್ಯಮ ನಿಂತಿರುವುದು ಇದರ ಮೇಲೆ ಅಂದೆ. ಹೇಗೆ ಪೆಟ್ಟಾಯಿತು ಅನ್ನುವುದನ್ನು ಎಳೆಯಲಿಲ್ಲ, ಅದು ಆ ಸಭೆಯಲ್ಲಿ ಬೇಡ ಅನ್ನಿಸಿತು. ಎದ್ದು ನಿಂತು ಚಪ್ಪಾಳೆ ಹೊಡೆದರು ಅತ್ತಿಗೆ. ಕಂಪನಿಯ ಸಾಹೇಬರು ಹತ್ತಿರ ಬಂದು ಕೈ ಕುಲುಕಿ, ಯಾವ ಊರಿನ ಶೆಡ್ಡು ಅಂತ ಕೇಳಿ ಬರೆದುಕೊಂಡರು.

ನಿಮ್ಮೆಲ್ಲರ ಹೆಸರು ಇನ್ನು ಎಲ್ಲೆಲ್ಲೋ ಹೋಗುತ್ತದೆ, ನೋಡುತ್ತಿರಿ.

ಪುಟ್ಟಿ


ಜುಲೈ 5

ಪುಟ್ಟಿ,

ಬರೆದುಕೊಂಡರಂತೆ! ಬರೆದುಕೊಂಡು ಏನು ಮಾಡಿದರು ಅಂತ ಕೇಳು.

ಶೆಡ್ಡಿನ ಬಾಗಿಲಿಗೆ ಆದೇಶ ಅಂಟಿಸಿದ್ದಾರೆ. ಹದಿನೇಳನೇ ಕಾರ್ಡು ರದ್ದು, ಪಾಲು ಕಂಪನಿಗೆ. ಬೇರೆಯವರ ಕಾರ್ಡು ಒತ್ತಿದ ಐವರು ಮುಂದಿನ ಸೂಚನೆಯವರೆಗೆ ಹೊರಗೆ. ಮೋಸ ಅಂತ ಬರೆದಿದ್ದಾರೆ. ತಮ್ಮ ಬೆನ್ನು ಮುರಿದುಕೊಂಡು ಇನ್ನೊಬ್ಬಳ ಕೆಲಸ ಮಾಡಿದ್ದು ಮೋಸವಂತೆ. ಯಾರ ಕಣ್ಣಿಗೆ ಮಣ್ಣೆರಚಿದರು? ಚಾದರ ಒಗೆದಿರಲಿಲ್ಲವಾ? ಇಸ್ತ್ರಿ ಆಗಿರಲಿಲ್ಲವಾ?

ಐವರೂ ನಮ್ಮ ಮನೆಗೆ ಬಂದರು. ಕೂರಿ ಅಂದರೆ ಕೂರಲಿಲ್ಲ. ಬಾಗಿಲಲ್ಲೇ ನಿಂತರು. "ಅಕ್ಕಾ, ಇದು ನಮ್ಮೊಳಗಿನ ಮಾತು. ರಾಜಧಾನಿಗೆ ಹೇಗೆ ಹೋಯ್ತು?" ಅಂತ ಒಬ್ಬಳು ಕೇಳಿದಳು. ನನ್ನ ನಾದಿನಿಗೆ ನಾನೇ ಹೇಳಿದೆ ಅಂದೆ. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಗೇ ತಿರುಗಿ ಹೋದರು. ಆವತ್ತಿನಿಂದ ಬೀದಿ ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ.

ನಿನಗೆ ಏನು ಬಂದಿತ್ತು? ಮನೆಯ ಮಾತನ್ನು ಅಂಗಡಿಯಲ್ಲಿ ತೂಗಿ ಮಾರುತ್ತಾರಾ? ಕಾರ್ಡು ಒತ್ತಿದ್ದನ್ನು ಹೇಳಲು ನಿನಗೆ ಬಾಯಿ ಬಂತು, ಸರಳು ಬಿಚ್ಚಿದ್ದನ್ನು ಹೇಳಲು ಬರಲಿಲ್ಲ. ಅವರ ಚಪ್ಪಾಳೆ ಸಿಕ್ಕಿತಲ್ಲ, ಅದನ್ನು ಸುತ್ತಿ ಇಲ್ಲಿಗೆ ಕಳಿಸು, ಆರು ಮನೆಯವರಿಗೆ ಹಂಚುತ್ತೇನೆ.

ಆ ಆದೇಶ ಬರೆದ ಕೈ ಯಾರದ್ದು ಅಂತ ವಿಚಾರಿಸಿ ತಿಳಿಸು. ಅವರ ಮುಖಕ್ಕೇ ಎರಡು ಮಾತು ಕೇಳಬೇಕು.

ಅತ್ತಿಗೆ


ಜುಲೈ 13

ಅತ್ತಿಗೆ,

ಆ ಆದೇಶ ಬರೆದವಳು ನಾನು. ಸುಳ್ಳು ಹೇಳುವುದಿಲ್ಲ.

ಕಾರ್ಯದರ್ಶಿಗಳು ಕರೆದು, ನೀನೇ ಸಭೆಯಲ್ಲಿ ಹೇಳಿದ್ದು, ಈಗ ದಾಖಲೆಗೆ ಬಂದಿದೆ, ಕ್ರಮ ತೆಗೆದುಕೊಳ್ಳದಿದ್ದರೆ ಯೋಜನೆಯೇ ನಿಲ್ಲುತ್ತದೆ ಅಂದರು. ಬೇರೆಯವರು ಬರೆದರೆ ಇನ್ನೂ ಕಠಿಣವಾಗಿ ಬರೆಯುತ್ತಾರೆ, ನಾನಾದರೆ ಮೆತ್ತಗೆ ಬರೆಯಬಹುದು ಅನ್ನಿಸಿತು. ಐವರನ್ನೂ ಪೂರ್ತಿ ತೆಗೆಯಿರಿ ಅಂದಿದ್ದರು, ನಾನು ಹಟ ಹಿಡಿದು ಮುಂದಿನ ಸೂಚನೆಯವರೆಗೆ ಅಂತ ಮಾಡಿಸಿದೆ. ಇದು ಯಾರಿಗೂ ಕಾಣುವುದಿಲ್ಲ. ನಮ್ಮ ಹತ್ತಿರ ಇರುವುದು ನಂಬರು ಮಾತ್ರ, ಹೆಸರುಗಳು ಕಂಪನಿಯಲ್ಲಿವೆ. ಹದಿನೇಳು ಅಂತ ಬರೆದೆ. ಅದು ಪಕ್ಕದ ಕಲ್ಲಿನವಳು ಅಂತ ನನಗೂ ಗೊತ್ತಿತ್ತು, ಬರೆಯುವಾಗ ಕೈ ತಡೆಯಿತು. ಆದರೆ ಒಬ್ಬಳಿಗೋಸ್ಕರ ಎಲ್ಲರ ಉದ್ಯಮವನ್ನೂ ಮುಳುಗಿಸಲು ಆಗುತ್ತದಾ ಅತ್ತಿಗೆ? ನೀವೇ ಹೇಳಿ.

ಒಂದು ದಾರಿ ಇದೆ. ತನ್ನ ಅಜಾಗರೂಕತೆಯಿಂದಲೇ ಕೈಗೆ ಪೆಟ್ಟಾಯಿತು ಅಂತ ಹದಿನೇಳನೇ ಕಾರ್ಡಿನವಳು ಬರೆದುಕೊಟ್ಟರೆ ಐವರನ್ನೂ ಒಳಗೆ ತೆಗೆದುಕೊಳ್ಳುತ್ತಾರೆ. ಕಂಪನಿಯ ಸಾಹೇಬರು ಮಾತು ಕೊಟ್ಟಿದ್ದಾರೆ. ನೀವು ಹೇಳಿದರೆ ಅವಳು ಕೇಳುತ್ತಾಳೆ. ದಯವಿಟ್ಟು ಸಹಿ ಹಾಕಿಸಿ.

ಪುಟ್ಟಿ


ಜುಲೈ 22

ಪುಟ್ಟಿ,

ಇದು ಎಡಗೈ ಅಕ್ಷರ. ಸೊಟ್ಟಗಿದೆ. ನಿಮ್ಮಣ್ಣನಿಗೆ ಬರೆಯಲು ಬಿಟ್ಟಿಲ್ಲ. ಇದನ್ನು ನಾನೇ ಬರೆಯಬೇಕು.

ಹದಿನೇಳು ನಾನು.

ರೋಲರಿಗೆ ಹೋದದ್ದು ನನ್ನ ಕೈ. ಪಕ್ಕದ ಕಲ್ಲಿನವಳು ಗಟ್ಟಿಮುಟ್ಟಾಗಿದ್ದಾಳೆ. ನನ್ನ ಕಾರ್ಡನ್ನು ಮೊದಲು ಒತ್ತಿದವಳು ಅವಳೇ. ಅವಳೂ ಈಗ ಹೊರಗೆ.

ನಿನಗೆ ಹೇಳಬೇಡ ಅಂದದ್ದು ನಿಮ್ಮಣ್ಣ. ಗೊತ್ತಾದರೆ ನೀನು ಆಫೀಸಿನಲ್ಲಿ ಕೂಗಾಡಿ ಕೆಲಸ ಕಳೆದುಕೊಳ್ಳುತ್ತೀಯ ಅಂದರು. ನನಗೂ ಹೌದು ಅನ್ನಿಸಿತು. ಅದಕ್ಕೇ ಬರಬೇಡ ಅಂದೆ. ಅದಕ್ಕೇ ಅವಳ ಮೇಲೆ ಹಾಕಿ ಹೇಳಿದೆ. ನೀನು ಕೂಗಾಡುತ್ತೀಯ ಅಂತ ನಂಬಿದ್ದೆವು ಪುಟ್ಟಿ. ಗಂಡ ಹೆಂಡತಿ ಇಬ್ಬರೂ ನಂಬಿದ್ದೆವು. ಎಂಥ ದಡ್ಡರು.

ಪಕ್ಕದ ಕಲ್ಲಿನವಳಾದರೆ ತಾಳ್ಮೆ ಇರಲಿ ಅಂದೆ ನೀನು. ಅವಳದಾದರೆ ಒಬ್ಬಳಿಗೋಸ್ಕರ ಆಗುತ್ತದಾ ಅಂದೆ. ಅತ್ತಿಗೆಯ ಕೈ ಅಂತ ಗೊತ್ತಾದ ಮೇಲೆ ಈಗ ಅಳುತ್ತಿರುತ್ತೀಯ. ಅಳಬೇಡ. ನನಗೆ ಮೈ ಉರಿಯುವುದು ಅದಕ್ಕೇ. ಅವಳ ಕೈಯಾಗಿದ್ದರೂ ಸುಡುತ್ತಿತ್ತು.

ಸಹಿ ಕೇಳಿದೆಯಲ್ಲ, ಸಹಿ ಹಾಕುವ ಕೈ ರೋಲರಿನಲ್ಲಿ ಹೋಯಿತು. ಎಡಗೈಯಲ್ಲಿ ಸುಳ್ಳು ಬರೆಯುವಷ್ಟು ಅಭ್ಯಾಸ ಇನ್ನೂ ಆಗಿಲ್ಲ.

ಕ್ಷಮೆ ಗಿಮೆ ಬರೆದು ಕಳಿಸಬೇಡ, ಒಲೆಗೆ ಹಾಕುತ್ತೇನೆ. ಮೊದಲು ಅದೇ ಸಭೆಯಲ್ಲಿ, ಅದೇ ಜನರ ಮುಂದೆ ನಿಲ್ಲು. ಅರ್ಧ ಕಥೆ ಹೇಳಿ ಬಂದಿದ್ದೀಯ. ಉಳಿದ ಅರ್ಧ ಹೇಳು. ಹೇಳುವವರೆಗೆ ಈ ಮನೆಯ ಮೆಟ್ಟಿಲು ಹತ್ತಬೇಡ.

ಕೈ ಸೋತಿತು.


ಆಗಸ್ಟ್ 9

ಅತ್ತಿಗೆ,

ನಿಮ್ಮ ಕಾಗದ ಬಂದ ದಿನ ನಾನು ಬರೆದದ್ದನ್ನೆಲ್ಲ ಹರಿದೆ. ಅದರಲ್ಲಿ ಕ್ಷಮೆಯೇ ಇತ್ತು. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಿನ್ನೆ ನಮ್ಮ ಕಚೇರಿಯಲ್ಲಿ ಅದೇ ಸಭೆ ಮತ್ತೆ ಸೇರಿತ್ತು. ಒಳಗೆ ಹೋಗುವಾಗ ಗೋಡೆಯ ಮೇಲೆ ನೀವು ಎರಡು ಕೈಯಲ್ಲಿ ಚಾದರ ಹಿಡಿದು ನಗುತ್ತಿದ್ದಿರಿ. ನನ್ನ ಸರದಿ ಇರಲಿಲ್ಲ, ಆದರೂ ಎದ್ದೆ. ಹಿಂದಿನ ಸಲ ನಾನು ಹೇಳಿದ ಕಥೆಯಲ್ಲಿ ಪೆಟ್ಟಾದ ಹೆಂಗಸು ಹೊರಗಿನ ಫೋಟೋದಲ್ಲಿದ್ದಾಳೆ, ಎಲ್ಲರೂ ದಿನಾ ನೋಡುತ್ತೀರಿ ಅಂದೆ. ಸರಳು ಬಿಚ್ಚಿಸಿದ್ದು, ನೀವು ಫೆಬ್ರವರಿಯಲ್ಲೇ ನನಗೆ ತಿಳಿಸಿದ್ದು, ನಾನು ಅದನ್ನು ಸಂಬಂಧಪಟ್ಟವರಿಗೆ ಅಂತ ಕಳಿಸಿ ಮರೆತದ್ದು, ಹಬೆ ನಗರಸಭೆಯದು ರೋಲರ್ ಕಂಪನಿಯದು ಅಂತ ಹೇಳಿ ನಿಮ್ಮನ್ನು ಅಲೆಸಿದ್ದು, ಎಲ್ಲ ಹೇಳಿದೆ. ದನಿ ಏರಿತು. ಕೊನೆಗೆ ಕೂಗಾಡಿದೆ.

ಚಪ್ಪಾಳೆ ಬರಲಿಲ್ಲ. ಕಂಪನಿಯ ಸಾಹೇಬರು ಲೋಟದ ನೀರನ್ನೇ ನೋಡುತ್ತಿದ್ದರು. ಕಾರ್ಯದರ್ಶಿಗಳು, "ಇದು ನಿಮ್ಮ ಮನೆ ವಿಷಯ, ನಡಾವಳಿಯಲ್ಲಿ ಬರೆಯೋದು ಬೇಡ" ಅಂದರು. ಹೋದ ಸಲವೂ ಮನೆಯ ವಿಷಯವೇ ಹೇಳಿದ್ದು ಸರ್, ಆಗ ಬರೆದುಕೊಂಡಿರಲ್ಲ ಅಂದೆ. ಹಣ ಹಾಕಿದವರ ಕಡೆಯ ಒಬ್ಬ ಹೆಂಗಸು ಮಾತ್ರ, ಆ ಸರಳು ಈಗ ಎಲ್ಲಿದೆ ಅಂತ ಕೇಳಿದಳು. ಮೂಲೆಯಲ್ಲಿ ಅಂದೆ. ಅವಳು ಬರೆದುಕೊಂಡಳು. ಇನ್ನು ಬರೆದುಕೊಳ್ಳುವವರನ್ನು ನೋಡಿದರೆ ನನಗೆ ಹೆದರಿಕೆ.

ಐವರ ಆದೇಶವನ್ನು ಮರುಪರಿಶೀಲನೆಗೆ ಇಟ್ಟಿದ್ದಾರೆ. ಹದಿನೇಳರ ಆದೇಶ ಹಾಗೇ ಇದೆ. ನನ್ನನ್ನು ರಜೆಯ ಮೇಲೆ ಹೋಗಿ ಅಂದರು, ಎಷ್ಟು ದಿನ ಅಂತ ಹೇಳಲಿಲ್ಲ. ಬರುವಾಗ ಗೋಡೆಯಿಂದ ನಿಮ್ಮ ಫೋಟೋ ಇಳಿಸಿದೆ. ಕಾವಲಿನವನು ತಡೆದ, ನಮ್ಮತ್ತಿಗೆ ಅಂದೆ, ಬಿಟ್ಟ. ಅದು ಬಾಗಿಲಿನಷ್ಟು ಉದ್ದವಿದೆ, ಯಾವ ಬಸ್ಸಿನಲ್ಲಿ ಹಾಕಿಕೊಂಡು ಬರಲಿ ಗೊತ್ತಾಗುತ್ತಿಲ್ಲ. ಅಣ್ಣನನ್ನು ಕೇಳಿ ತಿಳಿಸಿ.

ಮೆಟ್ಟಿಲು ಹತ್ತಬಹುದಾ ಅಂತ ಕೇಳುವ ಧೈರ್ಯ ಇಲ್ಲ. ಕೇಳುತ್ತಿದ್ದೇನೆ.

ಪುಟ್ಟಿ


ಆಗಸ್ಟ್ 16

ಪುಟ್ಟಿ,

ಫೋಟೋ ತರಬೇಡ, ಆ ಕೈಯನ್ನು ನೋಡಿಕೊಂಡು ನಾನೇನು ಮಾಡಲಿ. ನೀನು ಬಾ.

ಇಲ್ಲಿ ಎಲ್ಲ ಕಾರ್ಡಿನವರೂ ಶೆಡ್ಡಿನಿಂದ ಹೊರಗೆ ಬಂದಿದ್ದಾರೆ. ಪಾಲುದಾರರು ಮುಷ್ಕರ ಮಾಡುವಂತಿಲ್ಲ ಅಂತ ಮೇಲ್ವಿಚಾರಕ ಕಾಗದ ಓದಿದ. ಪಕ್ಕದ ಕಲ್ಲಿನವಳು, "ಮುಷ್ಕರ ಯಾರು ಮಾಡಿದ್ರು? ಮಾಲೀಕರು ಇವತ್ತು ಬಾಗಿಲು ಹಾಕಿದ್ದೀವಿ" ಅಂದಳು. ಹದಿನೇಳು ವಾಪಸ್ ಬರಬೇಕು, ಸರಳು ವಾಪಸ್ ಬರಬೇಕು, ಅಲ್ಲಿಯವರೆಗೆ ರೋಲರ್ ತಿರುಗುವುದಿಲ್ಲ. ಇದನ್ನು ಅವರೇ ತೀರ್ಮಾನಿಸಿ ಆಮೇಲೆ ನನಗೆ ಹೇಳಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಬೂದಿ ರಾಶಿಯಿಂದ ಕಲ್ಲುಗಳನ್ನು ಉರುಳಿಸಿ ತಂದು ಕಟ್ಟೆಯ ಮೇಲೆ ಹಾಕಿದ್ದೇವೆ. ನಿಮ್ಮಮ್ಮನ ಕಲ್ಲೂ ಕೂತಿದೆ. ಮನೆಗಳ ಬಟ್ಟೆ ತಂದು ಒಗೆಯುತ್ತಿದ್ದೇವೆ. ಎಡಗೈಯಲ್ಲಿ ಹೇಗೋ ಒಗೆಯಬಹುದು. ನೆನೆದ ಚಾದರ ಹಿಂಡಲು ಮಾತ್ರ ಆಗುವುದಿಲ್ಲ. ಅದಕ್ಕೆ ಆ ತುದಿ ಒಬ್ಬರು, ಈ ತುದಿ ಒಬ್ಬರು ಬೇಕು. ಈ ತುದಿಯನ್ನು ನಾನು ಎಡಗೈಗೆ ಸುತ್ತಿಕೊಂಡು ನಿಲ್ಲುತ್ತೇನೆ. ತಿರುವುವುದು ನಿನ್ನ ಕೆಲಸ.

ಮೊದಲು ಐವರ ಮನೆಗೂ ಹೋಗಿ ಬಾಗಿಲಲ್ಲಿ ನಿಲ್ಲು, ಅವರು ಕೂರು ಅನ್ನುವವರೆಗೆ ನಿಲ್ಲು. ಆಮೇಲೆ ಮೆಟ್ಟಿಲು ಹತ್ತು.

ನನ್ನ ಸಿಟ್ಟು ಇಳಿದಿಲ್ಲ. ಹಿಂಡುವಾಗ ಬೈಯುತ್ತೇನೆ, ಬಾಯಿಗೆ ಬಂದದ್ದೆಲ್ಲ ಬೈಯುತ್ತೇನೆ. ಅಲ್ಲಿ ನಿನಗೆ ಯಾವ ಮೀಟಿಂಗೂ ಬರುವುದಿಲ್ಲ.

ಅತ್ತಿಗೆ